ಜಿಪ್ ಪೌಚ್: ಹೊರಗಷ್ಟೇ ಅಲ್ಲ, ಒಳಗೂ ಅಚ್ಚುಕಟ್ಟು

ಪೆನ್ನು, ಸ್ಕೇಲು, ಚಾರ್ಜರ್ ಇಡಲು ಒಂದು ಪೌಚ್ ಹೊಲಿಯುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಯಂತ್ರದಲ್ಲಿ ನೇರ ಹೊಲಿಗೆ ಬಂದರೆ ಸಾಕು. ಆದರೆ ಅದನ್ನು ಮಾರಾಟಕ್ಕೆ ಇಟ್ಟಾಗ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಕೊಳ್ಳಲು ಬಂದವರು ಜಿಪ್ ತೆರೆದು ಒಳಗೆ ನೋಡುತ್ತಾರೆ. ಅಲ್ಲಿ ನೂಲು ಜೋತಾಡುತ್ತಿದ್ದರೆ, ಜಿಪ್ಪಿನ ತುದಿ ಮುದ್ದೆಯಾಗಿದ್ದರೆ, ಹೊರಬಟ್ಟೆ ಎಷ್ಟೇ ಚೆಂದವಿದ್ದರೂ ಕೆಳಗಿಟ್ಟು ಮುಂದೆ ಹೋಗುತ್ತಾರೆ.

ಹೊರಬಟ್ಟೆ ಎರಡು ತುಂಡು, ಅಸ್ತರ ಎರಡು ತುಂಡು ಬೇಕು. ನಾಲ್ಕೂ 9½ ಇಂಚು ಅಗಲ, 6 ಇಂಚು ಎತ್ತರ. ರವಿಕೆ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡು ಹೊರಗೆ ಬಹಳ ಒಪ್ಪುತ್ತದೆ. ಬಟ್ಟೆ ತೆಳುವಾಗಿದ್ದರೆ ಹಿಂಬದಿಗೆ ಅಂಟುವ ಕ್ಯಾನ್ವಾಸ್ ಇಸ್ತ್ರಿ ಮಾಡಿ. ಅಸ್ತರಕ್ಕೆ ತಿಳಿಬಣ್ಣದ ಹತ್ತಿ ಬಟ್ಟೆ ಒಳ್ಳೆಯದು. ಕಪ್ಪು ಅಸ್ತರದೊಳಗೆ ಬಿದ್ದ ರಬ್ಬರ್ ಹುಡುಕುವ ಕಷ್ಟ ಎಲ್ಲರಿಗೂ ಗೊತ್ತು.

ಜಿಪ್ 3ನೇ ನಂಬರಿನ ನೈಲಾನ್ ಇರಲಿ. ಆ ನಂಬರ್ ಸುಮ್ಮನೆ ಇಟ್ಟದ್ದಲ್ಲ, ಮುಚ್ಚಿದ ಹಲ್ಲುಗಳ ಅಗಲ ಸುಮಾರು 3 ಮಿ.ಮೀ. ಎಂದರ್ಥ. ಲೋಹದ ಜಿಪ್ಪಿನ ಹಲ್ಲಿನ ಮೇಲೆ ಹೊಲಿದರೆ ಸೂಜಿ ಮುರಿಯುತ್ತದೆ. ನೈಲಾನ್ ಜಿಪ್ಪನ್ನು ಕತ್ತರಿಯಿಂದ ಬೇಕಾದಷ್ಟಕ್ಕೆ ಕತ್ತರಿಸಬಹುದು.

ಇನ್ನು ಮುಖ್ಯ ಕೆಲಸಕ್ಕೆ ಬರೋಣ. ಜಿಪ್ಪನ್ನು ಬಟ್ಟೆಯಷ್ಟೇ ಉದ್ದ ಇಟ್ಟರೆ ಅದರ ಹಲ್ಲು ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಕೊಂಡು ಮೂಲೆ ಉಬ್ಬುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಅದು ಕೂರುವುದಿಲ್ಲ. ಆದ್ದರಿಂದ ಜಿಪ್ 8½ ಇಂಚು ಸಾಕು. ರನ್ನರ್ ಒಳಗಿರುವಂತೆ ನೋಡಿಕೊಳ್ಳಿ. ಕತ್ತರಿಸಿದ ತುದಿಯಲ್ಲಿ ತಡೆ ಇರುವುದಿಲ್ಲ, ಎಳೆದರೆ ಅದು ಕೈಗೇ ಬರುತ್ತದೆ. ಒಂದೂವರೆ ಇಂಚಿನ ನಾಲ್ಕು ಚೌಕ ಬಟ್ಟೆ ಕತ್ತರಿಸಿ. ಜಿಪ್ಪಿನ ತುದಿಯ ಮೇಲೊಂದು, ಕೆಳಗೊಂದು ಚೌಕ ಇಡಿ. ಎರಡರ ಮುಖವೂ ಜಿಪ್ಪಿನ ಕಡೆಗಿರಬೇಕು, ಮೂರರ ಅಂಚೂ ಒಂದೇ ಸಮ ಇರಬೇಕು. ಕಾಲು ಇಂಚು ಒಳಗೆ ಹೊಲಿದು, ಎರಡೂ ಚೌಕಗಳನ್ನು ಹೊರಕ್ಕೆ ಮಡಚಿ ಇಸ್ತ್ರಿ ಮಾಡಿ. ಇನ್ನೊಂದು ತುದಿಗೂ ಹೀಗೆಯೇ. ಈಗ ಒಟ್ಟು ಉದ್ದ 9½ ಇಂಚಿಗೆ, ಅಗಲ ಜಿಪ್ಪಿನ ಪಟ್ಟಿಯಷ್ಟಕ್ಕೆ ಕತ್ತರಿಸಿ. ಪಕ್ಕದ ಹೊಲಿಗೆಗೆ ಇನ್ನು ಬಟ್ಟೆ ಮಾತ್ರ ಸಿಗುತ್ತದೆ, ಜಿಪ್ ಸಿಗುವುದಿಲ್ಲ.

ಹೊರಬಟ್ಟೆಯನ್ನು ಮುಖ ಮೇಲೆ ಮಾಡಿ ಹಾಸಿ. ಅದರ ಮೇಲಂಚಿಗೆ ಜಿಪ್ಪನ್ನು ಮುಖ ಕೆಳಗಾಗಿ, ಅದರ ಮೇಲೆ ಅಸ್ತರವನ್ನೂ ಮುಖ ಕೆಳಗಾಗಿ ಇಟ್ಟು ಕಾಲು ಇಂಚಿನಲ್ಲಿ ಹೊಲಿಯಿರಿ. ರನ್ನರ್ ಅಡ್ಡ ಬಂದಾಗ ಬದಿಯಿಂದ ಸುತ್ತಿಸಿ ಹೊಲಿದರೆ ಗೆರೆ ಸೊಟ್ಟಗಾಗುತ್ತದೆ. ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಪಾದ ಎತ್ತಿ, ರನ್ನರನ್ನು ಹಿಂದಕ್ಕೆ ಸರಿಸಿ ಮುಂದುವರಿಸಿ. ನಂತರ ಎರಡೂ ಬಟ್ಟೆಗಳನ್ನು ಜಿಪ್ಪಿನಿಂದ ಆಚೆಗೆ ತಿರುವಿ ಇಸ್ತ್ರಿ ಮಾಡಿ, ಜಿಪ್ಪಿನ ಪಕ್ಕದಲ್ಲೇ ಒಂದು ಮೇಲು ಹೊಲಿಗೆ ಹಾಕಿ. ಹಲವರು ಇದನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಅಸ್ತರ ಜಿಪ್ಪಿಗೆ ಸಿಕ್ಕಿಕೊಳ್ಳದಂತೆ ತಡೆಯುವುದೇ ಈ ಹೊಲಿಗೆ. ನೈಲಾನಿಗೆ ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ. ಇನ್ನೊಂದು ಬದಿಯನ್ನೂ ಇದೇ ಕ್ರಮದಲ್ಲಿ ಮುಗಿಸಿ.

ಈಗ ಜಿಪ್ಪನ್ನು ಅರ್ಧ ತೆರೆಯಿರಿ. ಮುಚ್ಚಿದ್ದರೆ ಕೊನೆಗೆ ಪೌಚನ್ನು ತಿರುವಲು ದಾರಿಯೇ ಇರುವುದಿಲ್ಲ. ಹೊರಬಟ್ಟೆಗಳ ಮುಖ ಒಂದಕ್ಕೊಂದು, ಅಸ್ತರಗಳ ಮುಖ ಒಂದಕ್ಕೊಂದು ಸೇರುವಂತೆ ಜೋಡಿಸಿ. ಜಿಪ್ಪಿನ ತುದಿಯ ಬಟ್ಟೆ ಅಸ್ತರದ ಕಡೆಗೆ ಬಾಗಿರಲಿ. ಅಸ್ತರದ ತಳದಲ್ಲಿ 3 ಇಂಚು ಬಿಟ್ಟು ಸುತ್ತಲೂ ಹೊಲಿಯಿರಿ. ಅಸ್ತರದ ಬದಿಗಳಲ್ಲಿ ಹೊಲಿಗೆ ಒಂದು ನೂಲಿನಷ್ಟು ಹೆಚ್ಚು ಒಳಗೆ ಹೋಗಲಿ. ಒಳಚೀಲ ಹೊರಚೀಲಕ್ಕಿಂತ ಕೊಂಚ ಚಿಕ್ಕದಾದರೆ ಒಳಗೆ ಸುಕ್ಕು ನಿಲ್ಲುವುದಿಲ್ಲ.

ಮೂಲೆಗಳನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ, ಬಿಟ್ಟ ಜಾಗದಿಂದ ಪೌಚನ್ನು ತಿರುವಿ. ಪೆನ್ಸಿಲ್ಲಿನ ಮೊಂಡು ತುದಿಯಿಂದ ಮೂಲೆಗಳನ್ನು ಮೆಲ್ಲಗೆ ಹೊರತಳ್ಳಿ. ಕತ್ತರಿಯ ಮೊನೆಯಿಂದ ತಳ್ಳಿದರೆ ಮೂಲೆ ತೂತಾಗುತ್ತದೆ. ಕೊನೆಗೆ ಅಸ್ತರದ ತಳವನ್ನು ಕೈಹೊಲಿಗೆಯಿಂದ ಮುಚ್ಚಿ ಒಳಕ್ಕೆ ತಳ್ಳಿ.

ಬೇರೆ ಅಳತೆಯ ಪೌಚ್ ಬೇಕಿದ್ದರೆ ಬಟ್ಟೆಯ ಅಗಲಕ್ಕಿಂತ 1 ಇಂಚು ಕಡಿಮೆ ಉದ್ದದ ಜಿಪ್ ತೆಗೆದುಕೊಳ್ಳಿ. ಉಳಿದ ಕ್ರಮವೆಲ್ಲ ಇದೇ.