ಕಟ್ಟಡಗಳಲ್ಲಿರುವ ಅಲ್ಪ ವಿಕಿರಣ ವಸ್ತುಗಳು



ಬಳಸಿ ಬಿಟ್ಟ ಹಳೆಯ ಸಾಮಾನಿಗೆ ಕನ್ನಡದಲ್ಲಿ ‘ಗುಜರಿ’ ಎನ್ನುತ್ತೇವೆ. ನಾವು ಬಂದು ನೆಲಸಿರುವ ಈ ಅಹಮದಾಬಾದಿನಲ್ಲಿಯೂ ಸಾಬರಮತಿಯ ದಡದಲ್ಲಿ ಭಾನುವಾರ ನೆರೆಯುವ ಸಂತೆಗೆ ‘ಗುಜರಿ ಬಜಾರ್’ ಎಂದೇ ಹೆಸರು. ಒಬ್ಬರಿಗೆ ಬೇಡವಾದುದು ಮತ್ತೊಬ್ಬರಿಗೆ ಉಪಯೋಗಕ್ಕೆ ಬರುವುದು ಒಳ್ಳೆಯದೇ. ಆದರೆ ಗುಜರಿಗೆ ಎಂದೂ ಹೋಗಬಾರದ ಕೆಲವು ವಸ್ತುಗಳುಂಟು. ಅಂಗಡಿ, ಕಚೇರಿ, ಹೋಟೆಲುಗಳ ಚಾವಣಿಯಲ್ಲಿ ಕುಳಿತಿರುವ ಅಲ್ಪ ವಿಕಿರಣ ವಸ್ತುಗಳು ಅಂಥವು. ಅವು ಯಾವುವು, ಅವುಗಳ ಲೆಕ್ಕವನ್ನು ಹೇಗಿಡಬೇಕು, ಕೊನೆಗೆ ಅವನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಹೊಗೆಸೂಚಕದ ಒಳಗೇನಿದೆ?

ಕೆಲವು ಪರಮಾಣುಗಳ ಬೀಜವು ಸ್ಥಿರವಾಗಿರುವುದಿಲ್ಲ. ಅದು ತಾನಾಗಿಯೇ ಒಡೆದು ಕಣಗಳನ್ನೂ ಕಿರಣಗಳನ್ನೂ ಹೊರಸೂಸುತ್ತದೆ. ಇದೇ ವಿಕಿರಣ. 1944ರಲ್ಲಿ ಅಮೆರಿಕದ ಸೀಬೋರ್ಗ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಅಮೆರಿಷಿಯಂ ಎಂಬ ಮೂಲವಸ್ತು ಈ ಜಾತಿಗೆ ಸೇರಿದ್ದು. ಇದನ್ನು ಹೊಗೆಸೂಚಕಗಳಲ್ಲಿ ಬಳಸುತ್ತಾರೆ.

ಅಂಥ ಸೂಚಕದಲ್ಲಿ ಎರಡು ಲೋಹದ ಫಲಕಗಳಿರುತ್ತವೆ. ಅಮೆರಿಷಿಯಂ ಹೊರಬಿಡುವ ಆಲ್ಫಾ ಕಣಗಳು ಫಲಕಗಳ ನಡುವಿನ ಗಾಳಿಯನ್ನು ಅಯಾನುಗಳನ್ನಾಗಿ ಮಾಡುತ್ತವೆ. ಆಗ ಬಹು ಸಣ್ಣ ವಿದ್ಯುತ್ ಪ್ರವಾಹವು ಹರಿಯುತ್ತದೆ. ಹೊಗೆ ಒಳಹೊಕ್ಕರೆ ಅದರ ಕಣಗಳಿಗೆ ಅಯಾನುಗಳು ಅಂಟಿಕೊಳ್ಳುತ್ತವೆ, ಪ್ರವಾಹ ಕುಗ್ಗುತ್ತದೆ, ಗಂಟೆ ಬಾರಿಸುತ್ತದೆ. ಒಂದು ಸಾಮಾನ್ಯ ಸೂಚಕದಲ್ಲಿರುವ ಅಮೆರಿಷಿಯಂ ಎಷ್ಟು? ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ!

ಈಗ ಬೆಳಕಿನ ನೆರವಿನಿಂದ ಹೊಗೆಯನ್ನರಿಯುವ ಸೂಚಕಗಳು ಹೆಚ್ಚು ಬಳಕೆಯಲ್ಲಿವೆ; ಅವುಗಳಲ್ಲಿ ವಿಕಿರಣವಿಲ್ಲ. ಆದುದರಿಂದ ಹಳೆಯ ಕಟ್ಟಡಗಳ ಸೂಚಕಗಳನ್ನು ಬದಲಿಸುವ ಪ್ರಸಂಗ ಬಂದಾಗಲೇ ಈ ಪ್ರಶ್ನೆ ಏಳುತ್ತದೆ. ವಿದ್ಯುತ್ತಿಲ್ಲದೆ ಬೆಳಗುವ ಕೆಲವು ‘ಹೊರದಾರಿ’ ಫಲಕಗಳಲ್ಲಿ ಟ್ರಿಷಿಯಂ ಎಂಬ ಅನಿಲವಿರುತ್ತದೆ. ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಮ್ಯಾಂಟಲುಗಳಲ್ಲಿ ಥೋರಿಯಂ ಇರುತ್ತಿತ್ತು. ಇವೆಲ್ಲವೂ ಅಲ್ಪ ವಿಕಿರಣದವು.

ಭಯ ಬೇಡ, ಉದಾಸೀನವೂ ಬೇಡ

ಆಲ್ಫಾ ಕಣವು ಗಾಳಿಯಲ್ಲಿ ಕೆಲವೇ ಸೆಂಟಿಮೀಟರು ಸಾಗುತ್ತದೆ. ಒಂದು ಹಾಳೆ ಕಾಗದವೂ ಅದನ್ನು ತಡೆಯಬಲ್ಲದು. ಹೀಗಾಗಿ ಚಾವಣಿಯಲ್ಲಿ ಇಡಿಯಾಗಿರುವ ಸೂಚಕದಿಂದ ಕೆಳಗೆ ಕುಳಿತವರಿಗೆ ಅಪಾಯವಿಲ್ಲವೆನ್ನಬಹುದು. ಬದಲಾಗಿ ಅದರಿಂದ ಜೀವರಕ್ಷಣೆಯುಂಟು. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಕಟ್ಟಡದಲ್ಲಿ ಬೆಂಕಿ ಬಿದ್ದು ಪಾಠಕ್ಕೆಂದು ಬಂದಿದ್ದ 22 ವಿದ್ಯಾರ್ಥಿಗಳು ಮಡಿದರು. ಹೊಗೆ ಬೆಂಕಿಗಳ ಮುನ್ನೆಚ್ಚರಿಕೆ ಎಷ್ಟು ಅಗತ್ಯವೆಂಬುದನ್ನು ಆ ದುರಂತವನ್ನು ಕೇಳಿದವರು ಮರೆಯಲಾರರು. ವಿಕಿರಣವಿದೆಯೆಂಬ ಹೆದರಿಕೆಯಿಂದ ಸೂಚಕವನ್ನೇ ಕಿತ್ತುಹಾಕುವುದು ಅವಿವೇಕ.

ಆದರೆ ಅದೇ ಸೂಚಕವನ್ನು ಸುತ್ತಿಗೆಯಿಂದ ಒಡೆದರೆ ಅಥವಾ ಕಸದೊಡನೆ ಸುಟ್ಟರೆ ಮಾತು ಬೇರೆ. ಅಮೆರಿಷಿಯಂ ಧೂಳಾಗಿ ಉಸಿರಿನೊಡನೆ ಒಳಸೇರಿದರೆ ಎಲುಬಿನಲ್ಲಿಯೂ ಯಕೃತ್ತಿನಲ್ಲಿಯೂ ಬಹುಕಾಲ ನಿಲ್ಲುತ್ತದೆ. ಹೊರಗೆ ಕಾಗದವನ್ನೂ ದಾಟಲಾರದ ಕಣವು ದೇಹದ ಒಳಗೆ ಜೀವಕೋಶಗಳನ್ನು ನೇರವಾಗಿ ಕೆಡಿಸುತ್ತದೆ.

ಮರೆವಿಗಿಂತ ದೀರ್ಘವಾದ ಆಯುಸ್ಸು

ವಿಕಿರಣ ವಸ್ತುವು ಅರ್ಧದಷ್ಟಾಗಲು ಹಿಡಿಯುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಟ್ರಿಷಿಯಂನ ಅರ್ಧಾಯು ಸುಮಾರು 12 ವರ್ಷ. ಅಮೆರಿಷಿಯಂನದು ಸುಮಾರು 432 ವರ್ಷ. ವಿಜಯನಗರಕ್ಕೆ ಮುಳುವಾದ ತಾಳಿಕೋಟೆಯ ಯುದ್ಧ ನಡೆದುದು 1565ರಲ್ಲಿ. ಅಂದು ಒಂದು ಚೂರು ಅಮೆರಿಷಿಯಂ ಅನ್ನು ಯಾರಾದರೂ ಹೂತಿಟ್ಟಿದ್ದರೆ ಇಂದಿಗೂ ಅದರ ಸುಮಾರು ಅರ್ಧಭಾಗ ಉಳಿದಿರುತ್ತಿತ್ತು! ಅಂಗಡಿಯ ಒಡೆಯರು ಬದಲಾಗುತ್ತಾರೆ, ಕಾವಲುಗಾರರು ಬದಲಾಗುತ್ತಾರೆ, ಕಟ್ಟಡವೇ ಉರುಳುತ್ತದೆ. ಆದರೂ ಈ ವಸ್ತು ಉಳಿದಿರುತ್ತದೆ. ಆದುದರಿಂದ ಇದನ್ನು ಮನುಷ್ಯರ ನೆನಪಿಗೆ ಒಪ್ಪಿಸದೆ ಬರಹಕ್ಕೆ ಒಪ್ಪಿಸಬೇಕು.

ಎರಡು ನಿದರ್ಶನಗಳು

ನಮ್ಮ ಗುಜರಾತಿನ ಅಲಂಗದಲ್ಲಿ ಹಳೆಯ ಹಡಗುಗಳನ್ನು ಒಡೆಯುತ್ತಾರೆ. ಅಲ್ಲಿ ಬಿಚ್ಚಿದ ಕುರ್ಚಿ, ಮೇಜು, ದೀಪಗಳು ಊರೂರಿನ ಹೋಟೆಲು ಕಚೇರಿಗಳನ್ನು ಸೇರುತ್ತವೆ. 2006ರಲ್ಲಿ ‘ಬ್ಲೂ ಲೇಡಿ’ ಎಂಬ ಭಾರಿ ಪ್ರಯಾಣಿಕ ಹಡಗು ಅಲ್ಲಿಗೆ ಬಂದಾಗ, ಅದರ ಅಗ್ನಿಸೂಚಕಗಳಲ್ಲಿ ಅಮೆರಿಷಿಯಂ ಇದೆಯೆಂಬ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಹಡಗನ್ನು ಒಡೆಯಲು ಅನುಮತಿ ನೀಡಿತು. ಒಡೆಯುವ ಮೊದಲೇ ‘ಒಳಗೇನಿದೆ?’ ಎಂದು ಕೇಳಬೇಕೆಂಬುದು ಇಲ್ಲಿಯ ಪಾಠ.

ಕೇಳದಿದ್ದರೆ ಏನಾಗುತ್ತದೆಂಬುದನ್ನು ದಿಲ್ಲಿಯ ಮಾಯಾಪುರಿ ತೋರಿಸಿತು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ ಒಂದು ವಿಕಿರಣ ಯಂತ್ರವು 2010ರ ಫೆಬ್ರವರಿಯಲ್ಲಿ ಹರಾಜಿನಲ್ಲಿ ಗುಜರಿಯವರ ಪಾಲಾಯಿತು. ಅದರೊಳಗಿನ ಕೋಬಾಲ್ಟ್-60 ಏನೆಂಬುದನ್ನರಿಯದೆ ಕೆಲಸಗಾರರು ಅದನ್ನು ಬಿಚ್ಚಿದರು. ಏಪ್ರಿಲಿನಲ್ಲಿ ಒಬ್ಬನು ಪ್ರಾಣ ಬಿಟ್ಟನು. ಹಲವರು ಕಾಯಿಲೆ ಬಿದ್ದರು. ಕೋಬಾಲ್ಟಿನ ಆ ಮೂಲವು ಹೊಗೆಸೂಚಕಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಎರಡಕ್ಕೂ ಶತ್ರು ಒಂದೇ, ಅದು ಮರೆವು. ಅದರ ಫಲವನ್ನು ಉಂಡವರು ಮಾತ್ರ ಆ ವಸ್ತುವಿನ ಹೆಸರನ್ನೂ ಕೇಳಿರದ ಬಡ ಕೂಲಿಗಾರರು.

ಲೆಕ್ಕ ಮತ್ತು ವಿಲೇವಾರಿ

ಅಹಮದಾಬಾದಿನ ಕಚೇರಿಯಾಗಲಿ, ವಡೋದರದ ಹೋಟೆಲಾಗಲಿ, ಸೂರತ್ತಿನ ಬಟ್ಟೆಯ ಮಾರುಕಟ್ಟೆಯಾಗಲಿ, ಇಂಥ ಸೂಚಕಗಳಿದ್ದಲ್ಲಿ ಒಂದು ದಫ್ತರವಿರಬೇಕು. ಪ್ರತಿಯೊಂದರ ಕ್ರಮಸಂಖ್ಯೆ, ಒಳಗಿನ ವಿಕಿರಣ ವಸ್ತು, ತಯಾರಕರ ಹೆಸರು, ಕೂಡಿಸಿದ ಜಾಗ, ಕೂಡಿಸಿದ ದಿನ, ತೆಗೆದ ದಿನ, ಕಳುಹಿಸಿದ ವಿಳಾಸ ಇವನ್ನು ಬರೆಯಬೇಕು. ವರ್ಷಕ್ಕೊಮ್ಮೆಯಾದರೂ ದಫ್ತರವನ್ನು ಹಿಡಿದು ಕಟ್ಟಡವನ್ನು ಸುತ್ತಿ ಎಣಿಸಬೇಕು. ಕಟ್ಟಡ ಕೈಬದಲಾದರೆ ದಫ್ತರವೂ ಜೊತೆಯಲ್ಲಿ ಹೋಗಬೇಕು.

ತೆಗೆಯುವಾಗ ಸೂಚಕವನ್ನು ಬಿಚ್ಚದೆ, ಒಡೆಯದೆ, ಚೀಟಿಯನ್ನು ಕೀಳದೆ ಇಡಿಯಾಗಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಸರಬರಾಜು ಮಾಡಿದವರಿಗೇ ಹಿಂದಿರುಗಿಸಬೇಕು. ಅವರು ಅಂಗಡಿ ಮುಚ್ಚಿದ್ದರೆ ಮುಂಬಯಿಯ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಸಲಹೆ ಕೇಳಬೇಕು. 1983ರಲ್ಲಿ ಸ್ಥಾಪಿತವಾದ ಈ ಮಂಡಳಿಯು ದೇಶದ ವಿಕಿರಣ ಸುರಕ್ಷತೆಯ ಮೇಲ್ವಿಚಾರಣೆ ನಡೆಸುತ್ತದೆ.

ವಿದ್ಯಾರ್ಥಿಗಳ ಕರ್ತವ್ಯ

ನಡುವೆ ಚುಕ್ಕೆ, ಸುತ್ತ ಮೂರು ಎಸಳುಗಳಿರುವ ವಿಕಿರಣದ ಗುರುತನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿರಿ. ಅದಿರುವ ವಸ್ತು ಬೀದಿಯಲ್ಲಾಗಲಿ ಕಸದಲ್ಲಾಗಲಿ ಕಂಡರೆ ಮುಟ್ಟಬೇಡಿರಿ. ದೂರ ಸರಿದು ಹಿರಿಯರಿಗೆ ತಿಳಿಸಿರಿ. ನಿಮ್ಮಲ್ಲಿ ಅನೇಕರ ತಂದೆಯವರು ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವವರು. ಈ ಪಾಠವನ್ನು ಅವರಿಗೂ ಓದಿ ಹೇಳಿರಿ. ಕನ್ನಡದಲ್ಲಿ ಕಲಿತುದು ಮನೆಯವರ ರಕ್ಷಣೆಗೆ ಒದಗಿದರೆ ನಮ್ಮ ಕಲಿಕೆ ಸಾರ್ಥಕವಾದಂತೆ.

ಅಭ್ಯಾಸ

1. ಹೊಗೆ ಒಳಹೊಕ್ಕಾಗ ಸೂಚಕದ ವಿದ್ಯುತ್ ಪ್ರವಾಹ ಏಕೆ ಕುಗ್ಗುತ್ತದೆ?
2. 864 ವರ್ಷಗಳ ಬಳಿಕ ಅಮೆರಿಷಿಯಂನ ಎಷ್ಟು ಭಾಗ ಉಳಿದಿರುತ್ತದೆ?
3. ಹತ್ತು ಹೊಗೆಸೂಚಕಗಳಿರುವ ಒಂದು ಕಚೇರಿಗೆ ಬೇಕಾದ ದಫ್ತರದ ಮಾದರಿಯನ್ನು ಬರೆಯಿರಿ.