ಅರೋವಾನದ ಕಣ್ಣು ಜೋಲುವುದೇಕೆ? ಮೇವು ಹಾಕುವ ಕ್ರಮ ನೋಡಿ

ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಸಾಕಿ ಕೈ ಪಳಗಿದ ಅಲಂಕಾರಿಕ ಮೀನು ಸಾಕಣೆದಾರರು ಬೆಳ್ಳಿ ಅರೋವಾನದ ಮರಿ ತಂದು, ಬೆಳೆಸಿ ಮಾರುವುದುಂಟು. ಮರಿ ಚೆನ್ನಾಗಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಒಳ್ಳೆಯ ಆರೈಕೆಯಿದ್ದರೆ ಮೊದಲ ವರ್ಷದಲ್ಲೇ ಒಂದಡಿ ದಾಟುತ್ತದೆ. ಇನ್ನೇನು ಮಾರಬಹುದು ಎನ್ನುವಷ್ಟರಲ್ಲಿ ಒಂದು ಕಣ್ಣು ಕೆಳಕ್ಕೆ ವಾಲಿರುವುದು ಕಾಣುತ್ತದೆ. ವ್ಯಾಪಾರದಲ್ಲಿ ಇದನ್ನು ‘ಡ್ರಾಪ್ ಐ’ ಎನ್ನುತ್ತಾರೆ. ಇದರಿಂದ ಮೀನು ಸಾಯುವುದಿಲ್ಲ, ತಿನ್ನುವುದನ್ನೂ ಬಿಡುವುದಿಲ್ಲ. ಆದರೆ ಕೊಳ್ಳುವವರು ಮೊದಲು ನೋಡುವುದೇ ಕಣ್ಣನ್ನು.

ಈ ಮೀನಿನ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬೆನ್ನು ನೇರ, ಬಾಯಿ ಆಕಾಶದ ಕಡೆಗೆ ಸೀಳಿದೆ, ಕೆಳದವಡೆಯ ತುದಿಯಲ್ಲಿ ಮುಂದಕ್ಕೆ ಚಾಚಿದ ಎರಡು ಮೀಸೆ. ನೀರಿನ ಮೇಲ್ಮೈಯಲ್ಲಿ ಬೇಟೆಯಾಡಲೆಂದೇ ಆದ ಮೈಕಟ್ಟು ಇದು. ತವರಾದ ಅಮೆಜಾನ್ ನದಿಯ ಬಯಲಿನಲ್ಲಿ ಪ್ರತಿವರ್ಷ ಪ್ರವಾಹ ಬಂದು ಕಾಡೇ ಮುಳುಗುತ್ತದೆ. ಆಗ ಅರೋವಾನ ಮರಗಳ ನಡುವೆ ಈಜುತ್ತ, ಕೊಂಬೆಗಳಿಂದ ಉದುರುವ ದುಂಬಿ, ಜೇಡ, ಮಿಡತೆಗಳನ್ನು ಹಿಡಿಯುತ್ತದೆ. ಉದುರುವವರೆಗೂ ಕಾಯುವ ತಾಳ್ಮೆ ಅದಕ್ಕಿಲ್ಲ, ನೀರಿನಿಂದ ಮೇಲಕ್ಕೆ ಹಾರಿ ಕೊಂಬೆಯ ಮೇಲಿದ್ದುದನ್ನೇ ಕಿತ್ತು ತಿನ್ನುತ್ತದೆ. ಅಲ್ಲಿನವರು ಇದನ್ನು ಕೋತಿಮೀನು ಎಂದು ಕರೆಯುವುದು ಸುಮ್ಮನೆ ಅಲ್ಲ. ತೊಟ್ಟಿಗೆ ಭಾರವಾದ, ಕೊಂಡಿ ಹಾಕುವ ಮುಚ್ಚಳ ಬೇಕೇ ಬೇಕು ಎನ್ನುವುದೂ ಇದಕ್ಕೇ.

ಇಂಥ ಮೀನನ್ನು ಗಾಜಿನ ತೊಟ್ಟಿಯಲ್ಲಿಟ್ಟು, ಫ್ರೀಜರ್‌ನಿಂದ ತೆಗೆದು ಹಿಮ ಕರಗಿಸಿದ ಸಿಗಡಿಯನ್ನು ಎಸೆದರೆ ಏನಾಗುತ್ತದೆ ಎಂಬುದನ್ನು ಹತ್ತಿರ ನಿಂತು ನೋಡಿ. ಸಿಗಡಿ ಸೀದಾ ತಳಕ್ಕೆ ಇಳಿಯುತ್ತದೆ. ಮೀನು ಒಂದು ಸುತ್ತು ಹಾಕಿ, ತಲೆ ಕೆಳಗೆ ಮಾಡಿ, ಮೇಲ್ಮುಖದ ಬಾಯಿಂದ ತಳದಲ್ಲಿರುವುದನ್ನು ಎತ್ತಲು ಒದ್ದಾಡುತ್ತದೆ. ಎರಡು ಮೂರು ಸಲ ತಪ್ಪುತ್ತದೆ. ಕೆಲವು ದಿನಗಳಲ್ಲಿ ಅದಕ್ಕೆ ಊಟ ಬರುವುದು ಕೆಳಗೆ ಎಂಬುದು ರೂಢಿಯಾಗಿ, ಹೊತ್ತಿಗೆ ಮುಂಚೆಯೇ ತಳ ನೋಡುತ್ತ ತೇಲುತ್ತದೆ.

ಡ್ರಾಪ್ ಐಗೆ ಇದೊಂದೇ ಕಾರಣವೆಂದು ಸಾಬೀತಾಗಿಲ್ಲ. ಅನುಭವಿಗಳು ಮುಖ್ಯವಾಗಿ ಮೂರು ಕಾರಣ ಹೇಳುತ್ತಾರೆ: ಸದಾ ಕೆಳಗೆ ನೋಡುವ ಅಭ್ಯಾಸ, ಕೊಬ್ಬಿನ ಮೇವಿನಿಂದ ಕಣ್ಣುಗುಡ್ಡೆಯ ಹಿಂದೆ ಕೊಬ್ಬು ಕೂರುವುದು, ಬೆದರಿ ಗಾಜಿಗೋ ಮುಚ್ಚಳಕ್ಕೋ ಬಡಿದು ಆಗುವ ಪೆಟ್ಟು. ದೊಡ್ಡ ಕೊಳದಲ್ಲಿ ಬೆಳೆದ ಮೀನುಗಳಲ್ಲಿ ಈ ದೋಷ ಅಪರೂಪ. ಅಲ್ಲಿ ನೋಡುವವರು ಮೇಲಿನಿಂದ ಬರುತ್ತಾರೆ, ಮೇವೂ ಮೇಲಿನಿಂದಲೇ ಬೀಳುತ್ತದೆ, ತಳ ಕತ್ತಲು. ಹಾಗಾಗಿ ಕಾರಣ ಯಾವುದೇ ಇರಲಿ, ಮೇವಿನ ಕ್ರಮ ಬದಲಿಸುವುದು ನಮ್ಮ ಕೈಯಲ್ಲಿದೆ, ಅದಕ್ಕೆ ಖರ್ಚೂ ಇಲ್ಲ.

ಮರಿ ಬಂದ ದಿನದಿಂದಲೇ ತೇಲುವ ಪೆಲೆಟ್ ರೂಢಿ ಮಾಡಿಸಬೇಕು. ಸಜೀವ ಮೇವಿನ ರುಚಿ ಹತ್ತಿದ ಮೀನು ಪೆಲೆಟ್ ಮುಟ್ಟದೆ ಹಟ ಮಾಡುತ್ತದೆ. ಆರೋಗ್ಯವಾಗಿರುವ, ಬೆಳೆದ ಮೀನನ್ನು ಕೆಲವು ದಿನ ಉಪವಾಸ ಕೆಡವಿದರೆ ತೊಂದರೆಯಿಲ್ಲ, ಹಸಿದಾಗ ಬಾಯಿ ಹಾಕುತ್ತದೆ. ಮರಿಗಳಿಗೆ ಮಾತ್ರ ಈ ಪ್ರಯೋಗ ಬೇಡ. ಸಿಗಡಿ ಕೊಡುವುದಾದರೆ ತಲೆಯ ಮುಂದಿನ ಮುಳ್ಳು ಮುರಿದು, ಉದ್ದನೆಯ ಬಿದಿರಿನ ಇಕ್ಕಳದಲ್ಲಿ ಹಿಡಿದು ನೀರಿನ ಮೇಲ್ಮೈಗೆ ತಾಗಿಸಿ ಕೊಡಿ. ಲೋಹದ ಇಕ್ಕಳಕ್ಕೆ ಬಾಯಿ ಹಾಕಿದರೆ ತುಟಿ ಒಡೆಯುತ್ತದೆ. ಮಿಡತೆ, ಮೀಲ್‌ವರ್ಮ್ ಒಳ್ಳೆಯದು, ತಾವಾಗಿ ತೇಲುತ್ತವೆ. ಆದರೆ ಔಷಧಿ ಸಿಂಪಡಿಸಿದ ಹೊಲದ ಮಿಡತೆ, ಅಡುಗೆಮನೆಯಲ್ಲಿ ಸ್ಪ್ರೇ ಹೊಡೆದ ಜಿರಲೆ ಬೇಡವೇ ಬೇಡ.

ಮರಿಗಳಿಗೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ, ಒಂದಡಿ ದಾಟಿದ ಮೇಲೆ ದಿನಕ್ಕೊಂದು ಸಲ, ಪೂರ್ತಿ ಬೆಳೆದ ಮೀನಿಗೆ ದಿನ ಬಿಟ್ಟು ದಿನ ಸಾಕು. ಕೇಳಿದಷ್ಟೂ ಹಾಕುವುದು ಪ್ರೀತಿ ಅಲ್ಲ. ಅರೋವಾನ ಯಾವಾಗಲೂ ಹಸಿದಂತೆಯೇ ಕಾಣುತ್ತದೆ.

ಮೀನು ಮರಿ ಸಾಕಣೆ ಕೇಂದ್ರಗಳ ಹತ್ತಿರ ಇರುವವರಿಗೆ ಇನ್ನೊಂದು ಮಾತು. ಅಗ್ಗಕ್ಕೆ ಸಿಗುತ್ತದೆಂದು ಸಾಮಾನ್ಯ ಗೆಂಡೆಯ ಮರಿ, ಬಣ್ಣಗೆಟ್ಟ ಗೋಲ್ಡ್‌ಫಿಶ್ ತಂದು ಸುರಿಯುವ ರೂಢಿ ಇದೆ. ಇವುಗಳ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆಯುವುದರಿಂದ, ಇದನ್ನೇ ತಿಂದ ಮೀನಿಗೆ ಆ ಜೀವಸತ್ವದ ಕೊರತೆಯಾಗುತ್ತದೆ. ಜೊತೆಗೆ ಮೀನು ಹೇನು, ಲಂಗರು ಹುಳು ತೊಟ್ಟಿಗೆ ಬರುವುದೂ ಇದೇ ದಾರಿಯಲ್ಲಿ. ದನದ ಹೃದಯದ ಮಾಂಸ, ಕೋಳಿಯ ಕೊಬ್ಬು ಕೂಡ ಬೇಡ.

ತೊಟ್ಟಿಯ ತಳಕ್ಕೂ ಮೂರು ಬದಿಯ ಕೆಳಭಾಗಕ್ಕೂ ಹೊರಗಿನಿಂದ ಕಪ್ಪು ಹಾಳೆ ಅಂಟಿಸಿದರೆ ಕೆಳಗಿನ ಪ್ರತಿಬಿಂಬಕ್ಕೆ ಮೀನು ಮರುಳಾಗುವುದು ತಪ್ಪುತ್ತದೆ. ಕೆಲವರು ಟೇಬಲ್ ಟೆನಿಸ್ ಚೆಂಡೊಂದನ್ನು ತೇಲಬಿಡುತ್ತಾರೆ. ಮೀನು ಅದರತ್ತ ನೋಡುತ್ತ ಮೇಲೆಯೇ ಸುಳಿದಾಡುತ್ತದೆ. ವಾಲಿದ ಕಣ್ಣನ್ನು ಇದು ಮತ್ತೆ ಎತ್ತುತ್ತದೆ ಎಂಬ ಭರವಸೆ ಬೇಡ. ಆಗ್ನೇಯ ಏಷ್ಯಾದಲ್ಲಿ ಮೀನಿಗೆ ಅರಿವಳಿಕೆ ಕೊಟ್ಟು, ಕಣ್ಣಿನ ಹಿಂದಿನ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. ನೋಡಿ ಕಲಿತ ಧೈರ್ಯದಲ್ಲಿ ಮನೆಯಲ್ಲಿ ಅದನ್ನು ಮಾಡಹೋದರೆ ಕಣ್ಣಿನ ಜೊತೆ ಮೀನೂ ಹೋಗುತ್ತದೆ.

ಕಣ್ಣು ವಾಲುವುದು ಬೇರೆ, ಕಣ್ಣು ಮಂಜಾಗುವುದು ಬೇರೆ. ಎರಡಕ್ಕೂ ಒಂದೇ ಔಷಧಿ ಕೇಳುವವರು ಇದ್ದಾರೆ. ಕಣ್ಣಿನ ಮೇಲೆ ಹಾಲಿನ ಪೊರೆ ಬಂದಂತೆ ಕಂಡರೆ ಮೊದಲು ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಉಳಿದ ಮೇವು ತೆಗೆದು, ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಿರಬೇಕು. ಅಯೋಡಿನ್ ಇಲ್ಲದ ಉಪ್ಪನ್ನು ಲೀಟರಿಗೆ 1 ಗ್ರಾಂನಂತೆ ಬೇರೆ ಬಕೆಟ್‌ನಲ್ಲಿ ಕರಗಿಸಿ ನಿಧಾನವಾಗಿ ಸೇರಿಸಬಹುದು. ಇಷ್ಟಕ್ಕೇ ಬಹಳ ಸಲ ಕಣ್ಣು ತಿಳಿಯಾಗುತ್ತದೆ. ಗುಡ್ಡೆಯೇ ಹೊರಕ್ಕೆ ಉಬ್ಬಿದ್ದರೆ ಒಳಗೆ ಸೋಂಕು ಇರಬಹುದು. ಅಂಗಡಿಯ ಆಂಟಿಬಯಾಟಿಕ್ ಸುರಿಯದೆ ಮೀನುಗಾರಿಕೆ ತಜ್ಞರಿಗೆ ತೋರಿಸಿ. ರಾಜ್ಯದಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ, ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ಕೆಂಪು, ಚಿನ್ನದ ಬಣ್ಣದ ಏಷ್ಯಾದ ಅರೋವಾನದ ವಿಷಯ ಬೇರೆ. ಅದು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಒಂದನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳಂತೆ ಇಂಥ ಮೀನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ, ಮೈಕ್ರೋಚಿಪ್ ಇಲ್ಲದ ಮೀನನ್ನು ಅಗ್ಗವೆಂದು ತರಬೇಡಿ. ಬೆಳ್ಳಿ ಅರೋವಾನಕ್ಕೆ ಆ ತೊಡಕಿಲ್ಲ. ಆದರೆ ಅದೂ ಎರಡೂವರೆ ಮೂರಡಿ ಬೆಳೆಯುವ ಮೀನು; ತೊಟ್ಟಿ ಸಾಲದಾದಾಗ ಕೆರೆಗೆ ಬಿಡುವಂತಿಲ್ಲ.

ಮರಿ ಕೊಳ್ಳುವಾಗ ಮೀನು ನಿಮ್ಮ ಕಡೆ ಮುಖ ಮಾಡಿ ಬರುವವರೆಗೆ ಗಾಜಿನ ಮುಂದೆ ಕಾಯಿರಿ. ಎರಡೂ ಕಣ್ಣಿನ ಪಾಪೆ ಒಂದೇ ಮಟ್ಟದಲ್ಲಿವೆಯೇ ನೋಡಿ. ಆಮೇಲೆ ಅಂಗಡಿಯವರಿಗೆ ನಿಮ್ಮೆದುರೇ ನಾಲ್ಕು ತೇಲುವ ಪೆಲೆಟ್ ಹಾಕಲು ಹೇಳಿ. ಮೇಲೆ ಬಂದು ತಿಂದರೆ ಮಾತ್ರ ದುಡ್ಡು ಎಣಿಸಿ.