ಕಲಿತ ಶಾಲೆಯ ಋಣ

ನಮಗೆ ಅಕ್ಷರ ಕಲಿಸಿದ ಊರ ಶಾಲೆಗೆ ನಾವು ಏನನ್ನು ಸಲ್ಲಿಸಿದ್ದೇವೆ? ಕೊಪ್ಪಳ ಸೀಮೆಯ ಕುಣಿಕೇರಿಯಲ್ಲಿ ಹುಚ್ಚಮ್ಮ ಚೌದ್ರಿ ಎಂಬ ವೃದ್ಧೆಯು ತಮ್ಮ ಎರಡು ಎಕರೆ ಹೊಲವನ್ನು ಶಾಲೆಗೆ ದಾನವಾಗಿ ಕೊಟ್ಟರು. ಅದೇ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡಿಗೆಯನ್ನೂ ಮಾಡಿ ಬಡಿಸಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಎರಡು ಎಕರೆಯೆಂದರೆ ಎಷ್ಟೆಂಬುದನ್ನು ಒಕ್ಕಲುತನದವರಾದ ನಿಮಗೆ ವಿವರಿಸಬೇಕಾಗಿಲ್ಲ. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯು ದೊರೆಯಿತು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ತಮ್ಮ ಊರಿಗೆ ಶಾಲೆಯನ್ನು ತಂದ ಹರೇಕಳ ಹಾಜಬ್ಬರಾದರೋ ತಾವೇ ಶಾಲೆಗೆ ಹೋದವರಲ್ಲ.

ಇಂಥವರು ಇಷ್ಟು ಕೊಟ್ಟಿರಲಾಗಿ, ಅಣ್ಣಿಗೇರಿಯ ಶಾಲೆಗಳಲ್ಲಿ ಓದು ಬರಹ ಕಲಿತು ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಸಂಬಳ ಎಣಿಸುವವರು ಸುಮ್ಮನಿರುವದು ಹೇಗೆ? ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ದಾನಿಗಳು ನಮ್ಮಲ್ಲಿ ಬಹಳ ಮಂದಿ ಉಂಟು. ಶಾಲೆಯ ಪಾಯಖಾನೆಗೆ ನೀರಿನ ಏರ್ಪಾಡು ಮಾಡಿಸುವವರು ವಿರಳ. ಆದದರಿಂದ ಕೊಡುವದಕ್ಕೆ ಮುಂಚೆ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕಂಡು, ಯಾವದು ಕೊರತೆಯಾಗಿದೆಯೆಂದು ಕೇಳಿರಿ. ಹಣ ಕೊಟ್ಟರೆ ರಶೀತಿ ಪಡೆಯಿರಿ. ಹಣವಿಲ್ಲದವನು ರಜೆಗೆ ಊರಿಗೆ ಬಂದಾಗ ಓಣಿಯ ನಾಲ್ಕು ಮಕ್ಕಳನ್ನು ಕೂಡ್ರಿಸಿಕೊಂಡು ಲೆಕ್ಕ ಹೇಳಿಕೊಡಲಿ.